ಜಂಬಣ್ಣ ಆರಿಸಿದ ಐದನೇ ಆಳು

ಚಹಾ ಕುಡಿದು ಸುಮ್ಮನೆ ಎದ್ದು ಹೋಗಿದ್ದರೆ ಜಂಬಣ್ಣನಿಗೆ ಆ ಭಾನುವಾರವೂ ಉಳಿದ ಭಾನುವಾರಗಳ ಹಾಗೆ ತಣ್ಣಗೆ ಕಳೆದುಹೋಗುತ್ತಿತ್ತು. ಆದರೆ ಯಂಕೋಬನ ಹೋಟೆಲಿನ ಚಹಾ ಅರ್ಧ ಲೋಟ ಹೊಟ್ಟೆಗೆ ಬಿದ್ದ ಮೇಲೆ ಬಾಯಿ ಮುಚ್ಚಿಕೊಂಡಿರುವುದು ಅವನಿಂದ ಆಗುತ್ತಿರಲಿಲ್ಲ.

ಜಂಬಣ್ಣ ಸಿಂಧನೂರಿನ ಅಂಬಪ್ಪ ಸಾವ್ಕಾರರ ಅಕ್ಕಿ ಗಿರಣಿಯಲ್ಲಿ ಮಾಲು ನೋಡುವವ. ಭತ್ತದ ಗಾಡಿ ಬಂದು ನಿಂತರೆ ಮೊದಲು ಅವನೇ ಹೋಗಬೇಕು. ಚೀಲದ ಹೊಟ್ಟೆಗೆ ಕಬ್ಬಿಣದ ಕೊಳವೆ ಚುಚ್ಚಿ, ನಡುವಿನ ಕಾಳು ತೆಗೆದು, ಅಂಗೈಯಲ್ಲಿ ತಿಕ್ಕಿ, ಹೊಟ್ಟು ಊದಿ, ಒಂದು ಕಾಳನ್ನು ಹಲ್ಲಿನ ನಡುವೆ ಇಟ್ಟು ಕಟಕ್ಕೆಂದು ಕಡಿದು, ಕಣ್ಣು ಮುಚ್ಚಿ ಹೇಳುತ್ತಿದ್ದ: "ಇದು ಕಾಲುವಿ ತುದೀ ಹೊಲದ ಮಾಲು. ಕಡೀ ನೀರು ತಪ್ಪ್ಯಾವ. ನೋಡಾಕ ದಪ್ಪ ಐತಿ, ಮಿಶಿನ್ನಿಗಿ ಹಾಕಿದ್ರ ಅರ್ಧ ನುಚ್ಚು." ಹಾಗೇ ಆಗುತ್ತಿತ್ತು. ಈ ವಿದ್ಯೆ ಅವನಿಗೆ ಗಿರಣಿಯಲ್ಲಿ ಮರ್ಯಾದೆ ತಂದಿತ್ತು, ಮನೆಯಲ್ಲಿ ತಂದಿರಲಿಲ್ಲ. ಮದುವೆ ಊಟಕ್ಕೆ ಕೂತರೆ ಮೊದಲ ತುತ್ತಿಗೇ "ಹುಳ ಹತ್ತಿದ ಅಕ್ಕಿ, ತೊಳದು ಮಾಡ್ಯಾರ" ಎಂದು ಬೀಗರ ಎದುರಿಗೆ ಹೇಳಿಬಿಡುತ್ತಿದ್ದ. ಹಲ್ಲಿಗೆ ಹರಳು ಸಿಕ್ಕರಂತೂ ಅದನ್ನು ತೆಗೆದು ಎಲೆಯ ಅಂಚಿನಲ್ಲಿಟ್ಟು ಸಾಲಿನವರಿಗೆಲ್ಲ ತೋರಿಸುತ್ತಿದ್ದ. ಹೆಂಡತಿ ಅಮರಮ್ಮ ಅವನನ್ನು ಮದುವೆಗಳಿಗೆ ಕರೆದುಕೊಂಡು ಹೋಗುವುದನ್ನು ಬಿಟ್ಟು ಬಹಳ ದಿನಗಳಾಗಿದ್ದವು.

ಆದರೆ ಅವತ್ತು ಹೋಟೆಲಿನಲ್ಲಿ ಎದ್ದದ್ದು ಭತ್ತದ ಮಾತಲ್ಲ, ಬಾಸ್ಕೆಟ್‌ಬಾಲಿನ ಮಾತು. ಈ ಆಟ ನಮ್ಮ ಕಡೆಗೆ ಬಂದದ್ದೇ ಒಂದು ತಮಾಷೆ. ತೊಂಬತ್ತರ ಆಸುಪಾಸಿನಲ್ಲಿ ಲಿಂಗಸುಗೂರಿಗೆ ಬಂದ ಸರಕಾರಿ ಸಾಹೇಬರೊಬ್ಬರಿಗೆ ಅದರ ಹುಚ್ಚು. ಲಿಂಗಸುಗೂರು, ಮಸ್ಕಿ, ಸಿಂಧನೂರು ಮೂರೂ ಊರಿನ ವ್ಯಾಪಾರಸ್ಥರನ್ನು ಕರೆಸಿ, ಒಂದೊಂದು ತಂಡ ಕಟ್ಟಿರಿ, ಗೆದ್ದವರಿಗೆ ಬೆಳ್ಳಿ ಕಪ್ ಕೊಡುತ್ತೇನೆ ಎಂದರು. ಸಾಹೇಬರ ಮಾತಿಗೆ ಒಲ್ಲೆ ಎನ್ನುವ ವ್ಯಾಪಾರಿ ಯಾವ ಊರಲ್ಲಿದ್ದಾನೆ? ಮುಂದೆ ಸಾಹೇಬರಿಗೆ ವರ್ಗವಾಯಿತು, ಆಟ ಇಲ್ಲೇ ಉಳಿಯಿತು. ಸಿಂಧನೂರಿನಲ್ಲಿ ಅದನ್ನು ಆಡುವಷ್ಟು ಸಪಾಟಾದ ಸಿಮೆಂಟು ನೆಲ ಇದ್ದದ್ದು ಸಾವ್ಕಾರರ ಗಿರಣಿಯಲ್ಲೇ, ಕುದಿಸಿದ ಭತ್ತ ಒಣಗಿಸುವ ಅಂಗಳದಲ್ಲಿ. ಎರಡು ಕಡೆ ಕಬ್ಬಿಣದ ಕಂಬ ನಿಲ್ಲಿಸಿ, ಹಲಗೆ ಜೋಡಿಸಿ, ಹಳೆಯ ಜರಡಿಯ ಬಳೆಯನ್ನೇ ರಿಂಗು ಮಾಡಿ, ಗೋಣಿಚೀಲದ ಹುರಿಯಿಂದ ಬಲೆ ಹೆಣೆದು ಕಟ್ಟಿದ್ದರು. ಭತ್ತ ಒಣಗಿದ ದಿನ ಆಟ, ಒಣಗದ ದಿನ ರಜೆ.

ಆ ಭಾನುವಾರ ಸಂಜೆ ಮಸ್ಕಿಯವರ ಜೊತೆ ಕೊನೆಯ ಪಂದ್ಯ. ಬೆಳಿಗ್ಗೆ ಎದ್ದರೆ ಸಿಂಧನೂರಿನ ಐದು ಮಂದಿಯಲ್ಲಿ ಒಬ್ಬ ಸೈಕಲ್ ಸಮೇತ ಕಾಲುವೆ ದಂಡೆಯಿಂದ ಉರುಳಿ ಮಣಿಕಟ್ಟು ಊದಿಸಿಕೊಂಡು ಕೂತಿದ್ದ. ಅವನ ಜಾಗಕ್ಕೆ ಯಾರು? ಇಡೀ ಹೋಟೆಲು ಎರಡು ಪಾಲಾಗಿತ್ತು.

ಒಬ್ಬ ಪಕೀರಪ್ಪ, ಸಾಲಗುಂದದವನು. ಬಾಗಿಲಲ್ಲಿ ತಲೆ ಬಗ್ಗಿಸಿ ಬರುವಷ್ಟು ಎತ್ತರ. ಚೆಂಡು ಅವನ ಕೈ ಬಿಟ್ಟರೆ ರಿಂಗಿನೊಳಗೇ ಬೀಳುವುದು. ಆದರೆ ಅವನನ್ನು ಅಂಗಳಕ್ಕೆ ಕರೆತರುವುದು ಮಲಗಿದ ಎಮ್ಮೆಯನ್ನು ಎಬ್ಬಿಸಿದ ಹಾಗೆ. ಇನ್ನೊಬ್ಬ ಬುಡ್ಡೇಸಾಬ್, ಸಿಂಧನೂರಿನವನೇ. ಕುಳ್ಳ. ಬೆಳಕು ಹರಿಯುವ ಮೊದಲೇ ಗಿರಣಿಯ ಗೇಟು ಹಾರಿ ಬಂದು ಚೆಂಡು ಎಸೆಯಲು ಶುರು ಮಾಡಿದರೆ ಭತ್ತ ಹರವುವ ಹೆಂಗಸರು ಬೈದು ಕಳಿಸುವ ತನಕ ನಿಲ್ಲಿಸುವವನಲ್ಲ. ಚೆಂಡು ರಿಂಗಿಗೆ ಬೀಳುತ್ತಿರಲಿಲ್ಲ ಅಷ್ಟೇ.

"ಕೈಗುಣ ಹುಟ್ಟಿನಿಂದ ಬರಬೇಕು," ಎಂದ ಯಂಕೋಬ, ಚಹಾ ಸೋಸುತ್ತ. "ನನಗ ಚಹಾ ಮಾಡಾದು ಯಾರು ಕಲಿಸ್ಯಾರ? ಪಕೀರಪ್ಪನ್ನ ಹಾಕ್ರಿ."

"ನಿನ್ನ ಚಹಾ ಕುಡದ ಮ್ಯಾಲೂ ಹಂಗ ಅಂತೀಯಲ್ಲ," ಎಂದ ಒಬ್ಬ ಹಮಾಲ. "ಹಟ ಬೇಕೋ ಮಾರಾಯ. ಬುಡ್ಡೇಸಾಬ್ ಇರಲಿ."

ಇಲ್ಲಿಯ ತನಕ ಜಂಬಣ್ಣನಿಗೂ ಇದಕ್ಕೂ ಸಂಬಂಧ ಇರಲಿಲ್ಲ. ಅವನು ಲೋಟ ಕೆಳಗಿಟ್ಟ. "ಇಷ್ಟಕ್ಕ ಯಾಕ ಬಡದಾಡ್ತೀರಿ? ಭತ್ತ ಬ್ಯಾರೆ ಅಲ್ಲ, ಮನಿಷ್ಯಾ ಬ್ಯಾರೆ ಅಲ್ಲ. ನನ್ನ ಮುಂದ ನಿಲ್ಲಸ್ರಿ, ಯಾವ್ದು ನಿಲ್ಲಾ ಕಾಳು, ಯಾವ್ದು ನುಚ್ಚಾಗಾ ಕಾಳು ಅಂತ ಹೇಳ್ತೀನಿ."

ಹೋಟೆಲಿನ ಮುಂದೆ ಸಾವ್ಕಾರರ ಜೀಪು ನಿಂತಿತ್ತು. ಸಾವ್ಕಾರರು ಜೀಪಿನಲ್ಲೇ ಚಹಾ ತರಿಸಿಕೊಂಡು ಕುಡಿಯುತ್ತಿದ್ದರು. ಜಂಬಣ್ಣ ಅದನ್ನು ನೋಡಿರಲಿಲ್ಲ.

"ಲೇ ಜಂಬಾ," ಎಂದು ಜೀಪಿನಿಂದ ದನಿ ಬಂತು. "ಇದು ಖರೇನ ಮಾತು. ಇಷ್ಟು ದಿನ ನನ್ನ ತಲ್ಯಾಗ ಬರಲೇ ಇಲ್ಲ ನೋಡು. ಮೂರು ಗಂಟೆಕ್ಕ ಹೇಳಿಬಿಡು. ನೀ ಯಾರನ್ನ ಅಂತೀದಿ ಅವ ಆಡ್ಲಿ. ಗೆದ್ದಬಿಟ್ರ ಅವಗ ನಮ್ಮ ಮಿಲ್ಲಿನಾಗ ತೂಕದ ಕೆಲಸ, ಖಾಯಂ."

ಜೀಪು ಹೋಯಿತು. ಜಂಬಣ್ಣನಿಗೆ ಚಹಾ ನೆತ್ತಿಗೆ ಹತ್ತಿತು.

ಯಾಕೆಂದರೆ ಪಕೀರಪ್ಪ ಅವನ ಹೆಂಡತಿಯ ಒಡಹುಟ್ಟಿದ ತಮ್ಮ. ಬುಡ್ಡೇಸಾಬ್ ಅವನಿದ್ದ ಮನೆಯ ಒಡತಿ ಖಾತೂನ್‌ಬೀಯ ಒಬ್ಬನೇ ಮಗ.

ಜಂಬಣ್ಣ ಮನೆ ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. ಅಮರಮ್ಮ ಹೊಸ್ತಿಲಲ್ಲಿ ನಿಂತಿದ್ದಳು.

"ಯೋಚನಿ ಮಾಡೂದು ಏನೈತ್ರಿ ಇದ್ರಾಗ? ನನ್ನ ತಮ್ಮನ ಹೆಸರು ಹೇಳಿ ಬಂದಬಿಡ್ರಿ."

"ಹಂಗಲ್ಲಬೇ. ನೋಡಿ ಹೇಳಬೇಕಾಗ್ತದ."

"ಅವನ್ನ ಹುಟ್ಟಿದಾಗಿಂದ ನಾ ನೋಡೀನಿ. ನೀವೇನು ಹೊಸದು ನೋಡ್ತೀರಿ? ಅವಗೊಂದು ಖಾಯಂ ಕೆಲಸ ಸಿಕ್ರ ನಮ್ಮವ್ವ ಹೊಟ್ಟಿತುಂಬ ಉಣ್ತಾಳ. ಬ್ಯಾರೆ ಹೆಸರು ನಿಮ್ಮ ಬಾಯಾಗ ಬಂತೋ, ಮಗಳನ್ನ ಕರಕೊಂಡು ಸಂಜೀ ಬಸ್ಸಿಗಿ ಸಾಲಗುಂದ ಹತ್ತತೀನಿ. ದಸರಾ ತನಕ ಬರಂಗಿಲ್ಲ."

ಅಮರಮ್ಮ ಆಡಿದ್ದನ್ನು ಮಾಡುವವಳು. ಇದು ಜಂಬಣ್ಣನಿಗೆ ಯಾವ ಕಾಳನ್ನೂ ಕಡಿಯದೆ ಗೊತ್ತಿದ್ದ ಸಂಗತಿ.

ಅಂಗಳ ದಾಟುವಾಗ ಖಾತೂನ್‌ಬೀ ಎದುರಾದರು. ಕೈಯಲ್ಲಿ ತಟ್ಟೆ, ತಟ್ಟೆಯ ಮೇಲೆ ಬಿಸಿ ಮಂಡಾಳ ಒಗ್ಗರಣಿ, ಅಂದರೆ ಒಗ್ಗರಣೆ ಹಾಕಿದ ಮಂಡಕ್ಕಿ.

"ಜಂಬಣ್ಣ ಬೇಟಾ, ನಿನಗೊಂದು ಮಾತು ಹೇಳಬೇಕಿತ್ತು. ನಮ್ಮ ಬುಡ್ಡ್ಯಾನ ಸುದ್ದಿ…"

"ಅಮ್ಮಾ, ನೀವು ಏನೂ ಹೇಳಬ್ಯಾಡ್ರಿ," ಎಂದು ಜಂಬಣ್ಣ ಕೈ ಜೋಡಿಸಿಬಿಟ್ಟ. "ನೀವು ಬಾಯಿಬಿಟ್ಟು ಕೇಳಾ ಹಂಗ ಆಗಬಾರದು. ನನಗೆಲ್ಲ ತಿಳೀತದ."

ತಟ್ಟೆ ಇಸಕೊಂಡು ಅವಸರದಿಂದ ಹೊರಟ. ಹೊಸದಾಗಿ ಮದುವೆಯಾಗಿ, ಹಾಸಿಗೆ ಸುರುಳಿ ಹೆಗಲ ಮೇಲೆ ಹಾಕಿಕೊಂಡು ಸಿಂಧನೂರಿಗೆ ಬಂದಾಗ, ಊರಲ್ಲಿ ಯಾರೂ ಮನೆ ಕೊಡದಿದ್ದಾಗ, "ಹಿಂದಿನ ಎರಡು ಖೋಲಿ ಖಾಲಿ ಅದಾವ, ಬರ್ರಿ" ಎಂದವರು ಈ ತಾಯಿ. ಅಮರಮ್ಮನಿಗೆ ಹೆರಿಗೆ ನೋವು ಬಂದಾಗ ಆಟೋದಲ್ಲಿ ಅವಳ ತಲೆಯನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡು ದವಾಖಾನೆಗೆ ಹೋದವರು, ಕೂಸಿಗೆ ಮೊದಲ ನೀರು ಹಾಕಿದವರು ಇವರೇ. ತಿರುಗಿ ಏನಾದರೂ ಕೊಡಹೋದರೆ "ಹೋಗಲೇ ಹುಚ್ಚಾ" ಎಂದು ನಗುತ್ತಿದ್ದರು. ಅವರ ಋಣ ತೀರಿಸಲು ದೇವರು ಒಂದಾದರೂ ದಾರಿ ಕೊಡಲಿ ಎಂದು ಜಂಬಣ್ಣ ಎಷ್ಟೋ ಸಲ ಅಂದುಕೊಂಡಿದ್ದ. ದೇವರು ಕೊಟ್ಟ, ಆದರೆ ಹೆಂಡತಿಯ ತಮ್ಮನ ಮೇಲೆ ಹಾಯ್ದುಹೋಗುವ ದಾರಿ ಕೊಟ್ಟ.

ಗಿರಣಿಯ ಅಂಗಳದಲ್ಲಿ ಭತ್ತ ಇನ್ನೂ ಅರ್ಧ ಹರವಿತ್ತು. ಪರೀಕ್ಷೆ ನೋಡಲು ಹಮಾಲರು, ಭತ್ತ ಎಳೆಯುವ ಹೆಂಗಸರು, ಕೆಟಲಿ ಹಿಡಿದ ಯಂಕೋಬ, ಎಲ್ಲರೂ ನೆರೆದಿದ್ದರು. ಪಕೀರಪ್ಪ ಖಾಲಿ ಚೀಲಗಳ ಒಟ್ಟಿಲಿನ ಮೇಲೆ ಮಲಗಿದ್ದ. ಬುಡ್ಡೇಸಾಬ್ ಆಗಲೇ ಬೆವೆತು ಅಂಗಳದ ಸುತ್ತ ಓಡುತ್ತಿದ್ದ.

ಜಂಬಣ್ಣನಿಗೆ ಆಟದ ಗಂಧ ಗಾಳಿ ಗೊತ್ತಿರಲಿಲ್ಲ. ಎಲ್ಲರೂ ನೋಡುತ್ತಿದ್ದರಿಂದ ಗತ್ತಿನಿಂದ ಇಬ್ಬರ ತೋಳನ್ನೂ ಚಿವುಟಿದ. ಪಕೀರಪ್ಪನ ಹಲ್ಲು ನೋಡಿದ.

"ಎತ್ತು ಖರೀದಿ ಮಾಡಾಕತ್ತೀಯೇನೋ?" ಎಂದು ಹಮಾಲನೊಬ್ಬ ಕೇಳಿದ. ಹೆಂಗಸರು ಸೆರಗು ಬಾಯಿಗಿಟ್ಟುಕೊಂಡರು.

"ಪಕೀರಪ್ಪಾ, ಒಂದು ಒಗಿ ನೋಡೋಣ."

ಪಕೀರಪ್ಪ ಒಟ್ಟಿಲಿನ ಮೇಲಿಂದ ಏಳಲಿಲ್ಲ. ಮೊಣಕೈ ಊರಿ, ಒಂದು ಕೈಯಿಂದ ಚೆಂಡನ್ನು ತೂರಿದ. ಚೆಂಡು ಕಂಬಕ್ಕೂ ತಾಗದೆ, ರಿಂಗಿಗೂ ತಾಗದೆ, ಹುರಿಯ ಬಲೆಯೊಳಗೆ ಸುಯ್ಯೆಂದು ಇಳಿಯಿತು. ಚೆಂಡಾಟ ತಿಳಿಯದ ಜಂಬಣ್ಣನಿಗೂ ಮೈ ಜುಮ್ಮೆಂದಿತು.

"ಇನ್ನೊಂದು ಒಗಿ."

"ಒಮ್ಮಿ ಬಿತ್ತಲ್ಲ ಮಾವ. ಮತ್ತ ಯಾಕ?" ಎಂದು ಪಕೀರಪ್ಪ ಮಗ್ಗುಲು ಬದಲಿಸಿದ.

ಬುಡ್ಡೇಸಾಬನ ಪಾಳಿ ಬಂತು. ಮೊದಲ ಚೆಂಡು ಕಂಬಕ್ಕೆ ಬಡಿಯಿತು. ಎರಡನೆಯದು ಗಿರಣಿಯ ತಗಡಿನ ಮೇಲೆ ಬಿದ್ದು ಅಲ್ಲಿದ್ದ ಪಾರಿವಾಳಗಳನ್ನೆಲ್ಲ ಎಬ್ಬಿಸಿತು. ಮೂರನೆಯದು ಯಂಕೋಬನ ಕೆಟಲಿಗೆ ಹೊಡೆಯಿತು. ಪ್ರತಿ ಸಲವೂ ಬುಡ್ಡೇಸಾಬ್ ತಾನೇ ಓಡಿ ಹೋಗಿ ಚೆಂಡು ತಂದು, "ಅಣ್ಣಾ, ಇನ್ನೊಮ್ಮಿ," ಎನ್ನುತ್ತಿದ್ದ. ಆ ಮುಖದಲ್ಲಿ ಸೋತ ಕಳೆ ಒಂಚೂರೂ ಇರಲಿಲ್ಲ. ಮುಂದಿನ ಚೆಂಡು ಪುಟಿಯುತ್ತ ಭತ್ತ ನೆನೆಸುವ ತೊಟ್ಟಿಯ ಕಡೆಗೆ ಹೊರಟಿತು. ಹತ್ತಿರವಿದ್ದ ಜಂಬಣ್ಣ ಹಿಡಿಯಲು ಬಗ್ಗಿದ. ಹಿಂದಿನಿಂದ ಅದೇ ಚೆಂಡಿಗಾಗಿ ಬುಡ್ಡೇಸಾಬ್ ಬಿಟ್ಟ ಬಾಣದಂತೆ ಬಂದ. ಮುಂದಿನದನ್ನು ಹೇಳಬೇಕಾಗಿಲ್ಲ.

ನೆನೆಭತ್ತದ ನೀರಿನ ವಾಸನೆ ಮೂಗಿದ್ದವರಿಗೆ ಗೊತ್ತು. ಜಂಬಣ್ಣ ಎದೆಮಟ್ಟದ ಆ ನೀರಿನಲ್ಲಿ ಮುಳುಗಿ ಎದ್ದ. ಬುಡ್ಡೇಸಾಬ್ ಬಟ್ಟೆ ಸಮೇತ ಹಾರಿದ. ಮೊದಲು ಚೆಂಡನ್ನು, ಆಮೇಲೆ ಜಂಬಣ್ಣನನ್ನು ದಂಡೆಗೆ ಹಾಕಿದ. ಒಟ್ಟಿಲಿನ ಮೇಲಿನಿಂದ ಪಕೀರಪ್ಪ, "ಮಾವ, ಹುಷಾರು," ಎಂದು ಕೂಗಿದ.

"ಏನು ತಿಳೀತು?" ಎಂದು ಯಂಕೋಬ ಕೇಳಿದ.

"ತಿಳೀತದ, ತಿಳೀತದ," ಎಂದ ಜಂಬಣ್ಣ, ಕಿವಿಯೊಳಗಿನ ಭತ್ತ ತೆಗೆಯುತ್ತ.

ಏನೂ ತಿಳಿದಿರಲಿಲ್ಲ. ಮೈ ತೊಳೆಯಲು ಮನೆಗೆ ನಡೆಯುವಾಗ ದಾರಿಯುದ್ದಕ್ಕೂ ಅದನ್ನೇ ಕಡಿದು ಕಡಿದು ನೋಡಿದ. ದಪ್ಪ ಕಾಳಿನ ಚೆಂದ ಚೆಂದವೇ. ಪಕೀರಪ್ಪನ ಕೈಯಿಂದ ಆ ಚೆಂಡು ಹೋದ ರೀತಿ ಯಾವ ಹಟಕ್ಕೂ ಸಿಗುವಂಥದ್ದಲ್ಲ. ಆದರೆ ದಪ್ಪ ಕಾಳಿನಲ್ಲಿ ಕೂದಲೆಳೆಯಂಥ ಬಿರುಕು ಇರುತ್ತದೆ, ಮಿಶಿನ್ನಿನ ಬಿಸಿಗೆ ಮಾತ್ರ ಅದು ಹೊರಗೆ ಬೀಳುತ್ತದೆ. ಸಣ್ಣ ಕಾಳು ಕಣ್ಣಿಗೆ ಹಿಡಿಯುವುದಿಲ್ಲ, ಆದರೆ ಇಡಿಯಾಗಿ ಹೊರಬರುತ್ತದೆ. ಅದೂ ಸರಿ, ಆದರೆ ಒಂದೂ ಬಾಸ್ಕೆಟ್ ಹಾಕದ ಇಡೀ ಕಾಳನ್ನು ಕಟ್ಟಿಕೊಂಡು ಮಾಡುವುದೇನು? ಎಲ್ಲಿಗೆ ಹೋದರೂ ಯೋಚನೆ ತಿರುಗಿ ಅದೇ ತೊಟ್ಟಿಗೆ ಬೀಳುತ್ತಿತ್ತು. ಎದುರಿಗೆ ಬಂದವರು ಮೂಗು ಮುಚ್ಚಿಕೊಂಡು ದಾರಿ ಬಿಟ್ಟರು, ಬಿಟ್ಟ ಮೇಲೆ ದೂರದಿಂದಲೇ ಸಲಹೆ ಕೊಟ್ಟರು.

ಅಂಗಳಕ್ಕೆ ಬಂದು ನೋಡಿದರೆ ಖಾತೂನ್‌ಬೀಯ ಪಡಸಾಲೆಯಲ್ಲಿ ಒಂದು ತಗಡಿನ ಟ್ರಂಕು. ಸುತ್ತ ಹಗ್ಗ ಬಿಗಿದಿತ್ತು. ಮೇಲೆ ಬುಡ್ಡೇಸಾಬನ ಹೊಸ ಅಂಗಿ ಮಡಚಿಟ್ಟಿತ್ತು.

"ಬುಡ್ಡ್ಯಾ ಹೊಂಟಾನೇನ್ರಮ್ಮಾ?"

"ಹೂಂ ಬೇಟಾ," ಎಂದು ಅವರು ಬಿಂದಿಗೆಯಿಂದ ನೀರು ಸುರಿಯುತ್ತ ಹೇಳಿದರು. "ಇವತ್ತ ಆಟಕ್ಕ ತಗೊಳ್ಳಿಲ್ಲ ಅಂದ್ರ ಊರು ಬಿಟ್ಟು ಹೋಗ್ತೀನಿ ಅಂತ ಕುರಾನ್ ಮ್ಯಾಲ ಆಣಿ ಇಟ್ಟಾನ. ಅದಕ್ಕ ನಿನಗ ಹೇಳೂಣಂತ…"

ಅವರ ಕಣ್ಣಂಚು ಒದ್ದೆಯಾಗಿತ್ತು. ಜಂಬಣ್ಣ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಒಬ್ಬನೇ ಮಗ. ಅವಮಾನ ತಾಳದೆ ಊರು ಬಿಡುತ್ತಾನೆ, ತಾಯಿ ತನ್ನ ಕೈಯಾರೆ ಟ್ರಂಕು ಕಟ್ಟಿದ್ದಾಳೆ. ಇಷ್ಟಾದರೂ ಮುಂದೆ ಕೂತು ಅಂಗಲಾಚುತ್ತಿಲ್ಲ, ನನ್ನ ಬೆನ್ನಿಗೆ ನೀರು ಹಾಕುತ್ತಿದ್ದಾಳೆ.

"ಸಾಕ್ರಮ್ಮಾ, ಇನ್ನೊಂದು ಮಾತು ಬ್ಯಾಡ," ಎಂದ. "ನಿಮ್ಮ ಮಗ ಎಲ್ಲೂ ಹೋಗಾಂಗಿಲ್ಲ. ನಾ ಅದೀನಿ."

"ಅಯ್ಯ, ಪೂರಾ ಕೇಳಲೇ…"

ಜಂಬಣ್ಣ ಕೇಳಲಿಲ್ಲ. ಅಂಗಿಯ ಗುಂಡಿಯನ್ನೂ ಹಾಕಿಕೊಳ್ಳದೆ ಗಿರಣಿಗೆ ಓಡಿದ.

ಗಿರಣಿಯ ಆಫೀಸಿನಲ್ಲಿ ಸಾವ್ಕಾರರು ಕೂತಿದ್ದರು. ಬಾಗಿಲಲ್ಲಿ ಅರ್ಧ ಊರು ನಿಂತಿತ್ತು. ಎಲ್ಲರ ಮುಂದೆ ಅಮರಮ್ಮ, ಗಂಡನಿಗೆ ಬುತ್ತಿ ತರುವ ನೆಪದಲ್ಲಿ ಬಂದು, ಅವನ ಬಾಯಿಯನ್ನೇ ನೋಡುತ್ತಿದ್ದಳು. ಜಂಬಣ್ಣನಿಗೆ ಸಂತೆಯ ವ್ಯಾಪಾರದ ರೀತಿ ನೆನಪಾಯಿತು. ಅಲ್ಲಿ ಬೆಲೆಯನ್ನು ಬಾಯಿಂದ ಆಡುವುದಿಲ್ಲ, ಟವೆಲ್ಲಿನ ಕೆಳಗೆ ಕೈ ಹಿಡಿದು ಬೆರಳು ಅದುಮಿ ಹೇಳುತ್ತಾರೆ. ನೋಡುವವರಿಗೆ ಟವೆಲ್ಲು ಬಿಟ್ಟು ಏನೂ ಕಾಣದು.

ಸಾವ್ಕಾರರ ಕಿವಿಯಲ್ಲಿ ಪಿಸುಗುಟ್ಟಿದ: "ಹೆಬ್ಬೆರಳು ಅಂದ್ರ ಪಕೀರಪ್ಪ, ಕಿರುಬೆರಳು ಅಂದ್ರ ಬುಡ್ಡೇಸಾಬ್. ಆರಿಸಿದ್ದು ನಾನು ಅಂತ ಯಾರಿಗೂ ಗೊತ್ತಾಗಬಾರದ್ರಿ, ನೀವ ಆರಿಸಿದಂಗ ಆಗಲಿ." ಸಾವ್ಕಾರರು ತಲೆಯಾಡಿಸಿ ಟವೆಲ್ಲು ಹೊದಿಸಿದರು. ಜಂಬಣ್ಣ ಒಮ್ಮೆ ಅಮರಮ್ಮನನ್ನು ನೋಡಿದ, ಒಮ್ಮೆ ಹಗ್ಗ ಬಿಗಿದ ಆ ಟ್ರಂಕನ್ನು ನೆನೆದ. ಸಾವ್ಕಾರರ ಕಿರುಬೆರಳನ್ನು ಅದುಮಿದ. ಖರೆ ಹೇಳಬೇಕೆಂದರೆ ಅದು ಕಾಳು ನೋಡಿ ಹೇಳಿದ್ದಲ್ಲ, ಋಣ ನೆನೆದು ಹೇಳಿದ್ದು.

ಸಾವ್ಕಾರರು ಟವೆಲ್ಲು ಕೊಡವಿ ಎದ್ದು ನಿಂತರು.

"ಕೇಳ್ರಪ್ಪಾ, ನಮ್ಮ ಜಂಬಣ್ಣ ಬುಡ್ಡೇಸಾಬನ್ನ ಆರಿಸ್ಯಾನ. ಅವನ ಮಾತು ಅಂದ್ರ ಮುಗೀತು."

ಅಮರಮ್ಮ ಬುತ್ತಿಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು, ತಿರುಗಿ ನಡೆದಳು.

ಸಂಜೆಯ ಹೊತ್ತಿಗೆ ಮಸ್ಕಿಯವರ ಲಾರಿ ಬಂತು. ಕ್ಯಾಬಿನಿನಿಂದ ಟೋಪಿ ಹಾಕಿದ ಹಿರಿಯರೊಬ್ಬರು ಇಳಿದು, "ಖಾತೂನ್‌ಬೀ ಮನ್ಯಾಗ ಅದಾಳೇನಪ್ಪಾ?" ಎಂದು ಜಂಬಣ್ಣನನ್ನೇ ಕೇಳಿದರು. ಜಂಬಣ್ಣ ತಲೆಯಾಡಿಸಿ ಮರೆತುಬಿಟ್ಟ. ಅವನ ಗಮನವೆಲ್ಲ ಲಾರಿಯ ಹಿಂಭಾಗದಲ್ಲಿತ್ತು. ಅಲ್ಲಿಂದ ನಾಲ್ಕೇ ಮಂದಿ ಆಟಗಾರರು ಇಳಿದರು. ಐದನೆಯವನು ದಾರಿಯುದ್ದಕ್ಕೂ ವಾಂತಿ ಮಾಡಿಕೊಂಡು ಹತ್ತಿ ಮೂಟೆಗಳ ನಡುವೆ ಸುಸ್ತಾಗಿ ಬಿದ್ದಿದ್ದ.

"ನಿಮ್ಮಲ್ಲಿ ಒಬ್ಬಾಂವ ಉಳದಾನಂತಲ್ರಿ, ಅವನ್ನ ಇವತ್ತಿನ ಮಟ್ಟಿಗಿ ನಮಗ ಕೊಡ್ರಿ," ಎಂದರು ಮಸ್ಕಿಯವರು.

ಮನೆಗೆ ಬಂದ ಬೀಗರು ಸಕ್ಕರೆ ಕೇಳಿದರೆ ಇಲ್ಲ ಎನ್ನಲಾದೀತೇ? ಸಾವ್ಕಾರರು ಧಾರಾಳವಾಗಿ ಪಕೀರಪ್ಪನನ್ನು ಕೊಟ್ಟುಬಿಟ್ಟರು.

ಮೊದಲ ಅರ್ಧ ಆಟ ಜಂಬಣ್ಣನ ಮಟ್ಟಿಗೆ ನರಕ. ಪಕೀರಪ್ಪ ನಿಂತಲ್ಲೇ ನಿಂತ. ಚೆಂಡು ಕೈಗೆ ಬಂದರೆ ತೂರಿದ, ತೂರಿದ್ದು ಬಿತ್ತು. ಬುಡ್ಡೇಸಾಬ್ ಅವನ ಸುತ್ತ ಗಾಣದೆತ್ತಿನಂತೆ ಸುತ್ತಿದ. ಊರಿನವರು ಆಟ ಬಿಟ್ಟು ಜಂಬಣ್ಣನ ಕಡೆಗೇ ನೋಡತೊಡಗಿದರು. "ಕಾಳು ಕಡಿದಿದ್ಯೋ, ಕಲ್ಲು ಕಡಿದಿದ್ಯೋ?" ಎಂದು ಯಂಕೋಬ ಕೇಳಿದ.

ನಡುವೆ ವಿರಾಮ ಬಂತು. ಜಂಬಣ್ಣನನ್ನು ಕಾಪಾಡಿದವರು ಮಸ್ಕಿಯ ವ್ಯಾಪಾರಸ್ಥರು. ಪಕೀರಪ್ಪನ ಉಪಕಾರವನ್ನು ಅವರು ಮರೆಯುವಂಥವರಲ್ಲ. ಸುತ್ತ ಕೂತು, ತಲೆ ಸವರಿ, ಯಂಕೋಬನ ಬುಟ್ಟಿಯಲ್ಲಿದ್ದ ಮಿರ್ಚಿ ಬಜ್ಜಿ ಅಷ್ಟನ್ನೂ ಅವನ ಬಾಯಿಗಿಟ್ಟರು. "ತಿನ್ನಪ್ಪಾ, ನೀನ ನಮ್ಮ ದೇವ್ರು." ಮೇಲೆ ಒಂದು ತಂಬಿಗೆ ಮಜ್ಜಿಗೆ. ಪಕೀರಪ್ಪ ಯಾರ ಪ್ರೀತಿಯನ್ನೂ ದೂರ ತಳ್ಳುವವನಲ್ಲ.

ಆಟ ಮತ್ತೆ ಶುರುವಾದಾಗ ಅವನ ಕಣ್ಣು ತಾನೇ ಮುಚ್ಚುತ್ತಿತ್ತು. ಕೈಗುಣ ಕೈಯಲ್ಲೇ ಇತ್ತು, ಕೈ ಮಾತ್ರ ಮೇಲೆ ಏಳಲಿಲ್ಲ. ಸಿಂಧನೂರಿನವರು ಒಂದೊಂದೇ ಹಾಕುತ್ತ ಬಂದು ಸಮ ಮಾಡಿದರು. ಕೊನೆಯ ನಿಮಿಷಕ್ಕೆ ಚೆಂಡು ಬುಡ್ಡೇಸಾಬನ ಕೈಗೆ ಬಂತು. ಎಸೆದ. ಹಲಗೆಗೆ ಬಡಿದು ಹಿಂದಕ್ಕೆ ಬಂತು. ತಾನೇ ಹಾರಿ ಹಿಡಿದು ಮತ್ತೆ ಎಸೆದ. ರಿಂಗಿನ ಅಂಚಿಗೆ ಬಡಿಯಿತು. ಮತ್ತೆ ಹಿಡಿದ, ಮತ್ತೆ ಎಸೆದ. ಮಸ್ಕಿಯ ಉಳಿದವರು ಓಡಿ ಬಂದು ಮೇಲೆ ಬಿದ್ದರೂ ಅವರ ಕಂಕುಳ ಸಂದಿಯಿಂದ ಚೆಂಡು ಕಿತ್ತುಕೊಂಡು ಮತ್ತೂ ಎಸೆದ. ದಿನವೂ ಬೆಳಗಿನ ಜಾವ ಒಬ್ಬನೇ ಎಸೆದು ಒಬ್ಬನೇ ತಂದ ರೂಢಿ ಅದು. ಚೆಂಡು ರಿಂಗಿನ ಮೇಲೆ ಒಂದು ಸುತ್ತು ತಿರುಗಿತು, ಯೋಚಿಸಿತು, ಒಳಗೆ ಬಿತ್ತು.

ಸೀಟಿ ಕೂಗಿತು. ಅಂಗಳ ಎದ್ದು ಕುಣಿಯಿತು. ಸಾವ್ಕಾರರು ಜಂಬಣ್ಣನನ್ನು ಎಲ್ಲರೆದುರಿಗೆ ಅಪ್ಪಿಕೊಂಡರು, ಇನ್ನೂ ಹೋಗದಿದ್ದ ನೆನೆಭತ್ತದ ವಾಸನೆ ಮೂಗಿಗೆ ಬಡಿದ ಕೂಡಲೇ ಬಿಟ್ಟರು. "ಬುಡ್ಡೇಸಾಬ್, ನಾಳಿಂದ ನೀನು ನನ್ನ ಮಿಲ್ಲಿನ ಆಳು, ಖಾಯಂ," ಎಂದು ಘೋಷಿಸಿದರು. ಜಂಬಣ್ಣನ ಕೊರಳಿಗೂ ಒಂದು ಹಾರ ಬಿತ್ತು.

ಹಾರ ತೆಗೆಯದೆ ಮನೆಗೆ ಬಂದ. ತನ್ನ ಬಾಗಿಲಿಗೆ ಬೀಗ ಇತ್ತು. ಅಮರಮ್ಮ ಆಡಿದಂತೆ ಮಾಡಿದ್ದಳು. ಹೋಗಲಿ, ಒಂದು ಋಣವಾದರೂ ತೀರಿತು ಎಂದುಕೊಂಡು ಖಾತೂನ್‌ಬೀಯ ಪಡಸಾಲೆ ಹತ್ತಿದ. ಟ್ರಂಕಿನ ಹಗ್ಗ ಬಿಚ್ಚಿ ಬಿದ್ದಿತ್ತು. ಅವರು ಅದರ ಪಕ್ಕದಲ್ಲಿ ಕೂತು ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದರು.

"ಅಳಬ್ಯಾಡ್ರಮ್ಮಾ," ಎಂದ ಜಂಬಣ್ಣ, ತನ್ನ ಕಣ್ಣಲ್ಲೂ ನೀರು. "ನೀವು ನನಗ ಮಾಡಿದ್ದರ ಮುಂದ ಇದು ಎಳ್ಳಕಾಳಷ್ಟ."

"ಮುಂಜಾನಿಂದ ನಿನಗೊಂದು ಮಾತು ಹೇಳಬೇಕಂತ ತಿರುಗಾಡಿದ್ನೆಪ್ಪಾ," ಎಂದರು ಖಾತೂನ್‌ಬೀ. "ನೀ ಒಮ್ಮೆರ ಹೇಳಾಕ ಬಿಟ್ಟೇನು?"

"ಹೇಳಾದು ಯಾಕ್ರಿ? ಬುಡ್ಡ್ಯಾನ್ನ ಆರಿಸು ಅಂತಿದ್ರಿ. ಆರಿಸಿದೆ."

"ಆರಿಸಬ್ಯಾಡ ಅಂತ ಹೇಳಾಕ ಬಂದಿದ್ದೆ."

ಜಂಬಣ್ಣನ ಕೊರಳಲ್ಲಿ ಹಾರ ಭಾರವಾಯಿತು.

"ಮಸ್ಕ್ಯಾಗ ನಮ್ಮಣ್ಣಂದು ಬಳಿ ಅಂಗಡಿ ಐತಿ. ಒಬ್ಬಾಕೀನ ಮಗಳು. ಹುಡುಗ ಚೆಂಡು ಬಿಟ್ಟು ಬಂದು ಅಂಗಡ್ಯಾಗ ಕುಂತ್ರ ಮಗಳನ್ನೂ ಕೊಡ್ತೀನಿ, ಅಂಗಡೀನೂ ಕೊಡ್ತೀನಿ ಅಂದಿದ್ದ. ಇವ ಕೇಳವಲ್ಲ. ಕಡೀಕ ನಿನ್ನೆ ಒಪ್ಪಿದ. ಇವತ್ತ ತಗೊಳ್ಳಲಿಲ್ಲ ಅಂದ್ರ ಚೆಂಡು ಮುಟ್ಟಂಗಿಲ್ಲ, ಮಾಮನ ಸಂಗಾಟ ಹೋಗ್ತೀನಿ ಅಂತ ಆಣಿ ಇಟ್ಟ. ಅವನ ಕೈಲೆ ಚೆಂಡು ರಿಂಗಿಗಿ ಬೀಳಂಗಿಲ್ಲ ಅಂತ ಊರಿಗೆಲ್ಲ ಗೊತ್ತೈತಿ, ಯಾರು ತಗೋತಾರ ಅಂತ ನಾ ಖುಷಿಲೆ ಟ್ರಂಕು ಕಟ್ಟಿದೆ. ನಮ್ಮಣ್ಣ ಲಾರ್‍ಯಾಗ ಕರಕೊಂಡು ಹೋಗಾಕ ಬಂದಿದ್ದ. ಚೆಂಡಿನ ಹುಚ್ಚನಿಗಿ ಮಗಳನ್ನ ಕೊಡಂಗಿಲ್ಲ ಅಂತ ಸಿಟ್ಟಾಗಿ ಹೋದ."

ಜಂಬಣ್ಣ ಟ್ರಂಕಿನ ಪಕ್ಕದಲ್ಲೇ ಕುಸಿದು ಕೂತ. ಹೆಂಡತಿ ಸಾಲಗುಂದದಲ್ಲಿ, ಈ ಮನೆಗೆ ಬರಬೇಕಿದ್ದ ಸೊಸೆ ಮಸ್ಕಿಯಲ್ಲಿ, ತಾನು ಹಾರ ಹಾಕಿಕೊಂಡು ನಡುವೆ. "ತಪ್ಪಾತ್ರಮ್ಮಾ," ಎಂದಷ್ಟೇ ಹೇಳಲು ಬಂತು.

ಖಾತೂನ್‌ಬೀ ಮೂಗು ಒರೆಸಿಕೊಂಡು ನಕ್ಕುಬಿಟ್ಟರು. "ಹೋಗಲೇ ಹುಚ್ಚಾ. ಹೆಂಡ್ತಿ ಬಿಟ್ಟು ಹೋದ್ರೂ ಹೋಗ್ಲಿ ಅಂತ ನನ್ನ ಮಗನ ಹೆಸರು ಹೇಳೀದಿ. ಅದನ್ನ ನಾ ಮರೀತೀನೇನು? ನಾಳಿ ಸಾಲಗುಂದಕ್ಕ ನಾನ ಹೋಗಿ ಆಕೀನ್ನ ಕರಕೊಂಡು ಬರ್ತೀನಿ. ಉಂಡೀಯೋ ಇಲ್ಲೋ? ಆ ಹಾರ ತಗದಿಡು, ಕೈ ತೊಳಿ."

ಬಿಸಿ ಅನ್ನ, ಬೇಳೆ ಸಾರು ತಟ್ಟೆಗೆ ಬಂತು. ತೀರಿಸಲು ಹೋದ ಋಣ ದುಪ್ಪಟ್ಟಾಗಿ ತಿರುಗಿ ಬಂದದ್ದನ್ನು ನೋಡುತ್ತ ಜಂಬಣ್ಣ ಅನ್ನ ಕಲಸಿದ. ಅಷ್ಟರಲ್ಲಿ ಬುಡ್ಡೇಸಾಬ್ ಕಪ್ ಎತ್ತಿಕೊಂಡು, ಊರೆಲ್ಲ ಸುತ್ತಿ, ಕುಣಿಯುತ್ತ ಒಳಗೆ ಬಂದ.

"ಅಣ್ಣಾ, ನಾಳಿ ನಿನಗ ಸಾವ್ಕಾರ್ರು ಮನೀಗಿ ಬಾ ಅಂದಾರ. ಅವರ ಮಗಳಿಗಿ ಎರಡು ಗಂಡು ಬಂದಾವಂತ. ಒಬ್ಬಾಂವ ಭಾಳ ಶಾಣ್ಯಾ ಅಂತ, ಆದ್ರ ಮೈಗಳ್ಳ. ಇನ್ನೊಬ್ಬಾಂವ ದಡ್ಡ ಅಂತ, ಆದ್ರ ಹಗಲೂ ರಾತ್ರಿ ದುಡೀತಾನಂತ. ಜಂಬಣ್ಣ ನೋಡಿ ಹೇಳಿದ್ದ ಖಾಯಂ ಅಂದಾರ."

ಜಂಬಣ್ಣನ ಹಲ್ಲಿನ ನಡುವೆ ಕಟಕ್ಕೆಂದಿತು. ಹರಳು. ಅದೂ ದೊಡ್ಡದು. ನಾಲಿಗೆಯಿಂದಲೇ ಅವನಿಗೆ ಗೊತ್ತಾಯಿತು: ಇದು ಸಾವ್ಕಾರರ ಗಿರಣಿಯ ಅಕ್ಕಿ, ತಾನೇ ಕಾಳು ಕಡಿದು ಪಾಸು ಮಾಡಿದ ಮಾಲು.

ಖಾತೂನ್‌ಬೀ ಸೌಟು ಹಿಡಿದು ನಿಂತಿದ್ದರು. "ಏನಾತು ಬೇಟಾ? ಅಕ್ಕಿ ಛಲೋ ಇಲ್ಲೇನು?"

"ಇಂಥ ಅಕ್ಕಿ ನಾ ಹುಟ್ಟಿದಾಗಿಂದ ಉಂಡಿಲ್ರಮ್ಮಾ," ಎಂದು ಜಂಬಣ್ಣ ಹರಳನ್ನು ನೀರಿನೊಂದಿಗೆ ನುಂಗಿ, ಇನ್ನೊಂದು ಸೌಟಿಗೆ ತಟ್ಟೆ ಮುಂದೆ ಹಿಡಿದ.